ಮಳೆಗಾಲದಲ್ಲಿ ಮನೇಲೇ ಕೂತು ಪಿಎಂಪಿ ಬರೆದಿದ್ದು – ನನ್ನ ಅನುಭವ

ನಮ್ಮನೆ ತೀರ್ಥಹಳ್ಳಿ ಹತ್ರ, ಮಳೆಗಾಲದಲ್ಲಿ ಒಂದು ಕೊಂಬೆ ಲೈನ್ ಮೇಲೆ ಬಿದ್ರೆ ಕರೆಂಟು ಬರೋದು ಮರುದಿನವೇ. ಇಲ್ಲಿಂದ ಆನ್‌ಲೈನಲ್ಲಿ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್ಮೆಂಟ್ ಸರ್ಟಿಫಿಕೇಟಿನ) ಎಕ್ಸಾಮ್ ಬರೀತೀನಿ ಅಂದಿದ್ದಕ್ಕೆ ಭಾವ ‘ದುಡ್ಡು ಹೊಳೆಗೆ ಹಾಕ್ಬೇಡ ಮಾರಾಯ, ಬೆಂಗ್ಳೂರಿಗೆ ಹೋಗಿ ಸೆಂಟರಲ್ಲೇ ಬರಿ’ ಅಂದ್ರು. ಆದ್ರೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯೋ ಟೈಮು, ಆಳು ಸಿಕ್ಕಿದ ದಿನ ತೋಟ ಬಿಟ್ಟು ಹೋಗೋಕಾಗಲ್ಲ. ಫೀಸು 2023ರಲ್ಲಿ ಪಿಎಂಐ (ಈ ಎಕ್ಸಾಮ್ ನಡೆಸೋ ಸಂಸ್ಥೆ) ಮೆಂಬರ್ ರೇಟಲ್ಲೇ 405 ಡಾಲರ್ ಇತ್ತು, 33-34 ಸಾವಿರ ಬಿತ್ತು.

ಮೊದಲ್ನೇ ಸಲ ಜುಲೈನಲ್ಲಿ ಕೂತೆ, 75ನೇ ಪ್ರಶ್ನೆ ಹತ್ರ ಎಲ್ಲಾ ಆಫ್. ತಪ್ಪು ನಂದೇ. ಇನ್ವರ್ಟರ್‌ನ ಯುಪಿಎಸ್ ಮೋಡಿಗೆ ಹಾಕಿದ್ದೆ, ಚೇಂಜ್‌ಓವರ್ ಬೇಗ ಆಗತ್ತೆ, ರೂಟರ್ ರೀಸ್ಟಾರ್ಟ್ ಆಗಲ್ಲ ಅಂತ. ಆದ್ರೆ ಆ ಮೋಡಲ್ಲಿ ವೋಲ್ಟೇಜ್ 180ರ ಕೆಳಗೆ ಹೋದ್ರೆ ಅದು ಕರೆಂಟೇ ಇಲ್ಲ ಅಂತ ಬ್ಯಾಟ್ರಿ ತಿನ್ನೋಕೆ ಶುರು ಮಾಡತ್ತೆ, ನಮ್ಮಲ್ಲಿ ಬೆಳಗ್ಗೆಯಿಂದ್ಲೂ 165-170 ಇತ್ತು, ಫ್ರಿಜ್ಜೂ ಅದೇ ಲೈನಲ್ಲಿ, ನಾಲ್ಕು ವರ್ಷದ ಹಳೇ 150 ಎಎಚ್ ಬ್ಯಾಟ್ರಿ ಎಷ್ಟು ಹೊತ್ತು ತಡೆಯತ್ತೆ. ಎಕ್ಸಾಮು ಆಗ 180 ಪ್ರಶ್ನೆ, 230 ನಿಮಿಷ, ಚೆಕ್-ಇನ್ ಬ್ರೇಕು ಎಲ್ಲಾ ಸೇರಿ ನಾಲ್ಕೂವರೆ ಗಂಟೆ ಹಿಡೀತಿತ್ತು, ನನ್ನ ಲ್ಯಾಪ್‌ಟಾಪ್ ಎರಡೂವರೆ ಗಂಟೆ ಬಂದ್ರೆ ಹೆಚ್ಚು. ಅವತ್ತೇ ಕಂಪ್ಲೇಂಟ್ ಹಾಕಿ ಕೇಸ್ ನಂಬರ್ ಬರೆದಿಟ್ಕೊಂಡಿದ್ದೆ, ಸುಮಾರು ಎರಡು ವಾರ ಮೇಲ್ ಮೇಲೆ ಮೇಲ್ ಹಾಕಿದ್ಮೇಲೆ ದುಡ್ಡಿಲ್ದೆ ಇನ್ನೊಂದು ಸ್ಲಾಟ್ ಕೊಟ್ರು. ಆ ನಂಬರ್ ಇಲ್ದಿದ್ರೆ 34 ಸಾವಿರ ಹೋದಂಗೇ.

ಆಮೇಲೆ ಇನ್ವರ್ಟರ್ ವಾಪಸ್ ನಾರ್ಮಲ್ ಮೋಡಿಗೆ ಹಾಕಿದೆ, ಫ್ರಿಜ್ ಪ್ಲಗ್ ಕಿತ್ತೆ. ಫೈಬರ್ ಇಂಟರ್ನೆಟ್ಟಿನ ಡಬ್ಬಕ್ಕೂ (ಮೋಡೆಮ್) ರೂಟರಿಗೂ ಒಂದೊಂದು 12 ವೋಲ್ಟಿನ ಮಿನಿ ಯುಪಿಎಸ್ ತಂದೆ, ಎರಡೂ ಸೇರಿ ಮೂರು ಸಾವಿರದ ಒಳಗೆ. ಆದ್ರೆ ಮನೇಲಿ ಕರೆಂಟಿದ್ರೂ ಪೇಟೇಲಿ ಎಕ್ಸ್‌ಚೇಂಜಿನ ಬ್ಯಾಟ್ರಿ ಖಾಲಿಯಾದ್ರೆ ಡಬ್ಬದಲ್ಲಿ ಕೆಂಪು ಲೈಟೇ. ಅದಕ್ಕೆ ಎರಡನೇ ಲೈನ್ ಬೇಕೇ ಬೇಕು. ಹಳೇ 4ಜಿ ರೂಟರಿನ ಆಂಟೆನಾನ ಅಡಿಕೆ ದೋಟಿ (ಕೊನೆ ಕೊಯ್ಯೋ ಉದ್ದ ಕೋಲು) ತುದಿಗೆ ಕಟ್ಟಿ ಅಂಗಳದಲ್ಲಿ ನಿಲ್ಲಿಸಿ ದಿಕ್ಕು ತಿರುಗಿಸ್ತಾ ಮೂರು ದಿನ ನೋಡ್ದೆ, 1-2 ಎಂಬಿಪಿಎಸ್ ಬರ್ತಿದ್ದಿದ್ದು 9ಕ್ಕೆ ಹತ್ತಿತು. ಯಾವ ದಿಕ್ಕು, ಎಷ್ಟೆತ್ತರ ಅನ್ನೋದು ನನ್ನ ಹತ್ರಾನೇ ಇರ್ಲಿ. ಎರಡೂ ಲೈನ್ ಡ್ಯುಯಲ್ ವ್ಯಾನ್ ರೂಟರಿಗೆ (ಒಂದು ಲೈನ್ ಹೋದ್ರೆ ತಾನೇ ಇನ್ನೊಂದಕ್ಕೆ ಹೋಗೋದು) ಕೊಟ್ಟೆ, ಯಾಕಂದ್ರೆ ನಡುವೆ ಎದ್ದು ಹೋಗಿ ಕೇಬಲ್ ಬದ್ಲಿಸೋಕೆ ಪ್ರಾಕ್ಟರ್ (ಆನ್ಲೈನಲ್ಲಿ ನಮ್ಮನ್ನ ಕಾಯೋ ಮೇಲ್ವಿಚಾರಕ) ಬಿಡಲ್ಲ.

ತಗಡಿನ ಮೇಲೆ ಗೋಣಿಚೀಲ ಹಾಸಿ ಮೈಕಿಗೆ ಕೇಳೋ ಮಳೆ ಸದ್ದು ಕಮ್ಮಿ ಆಗತ್ತಾ ಅಂತಾನೂ ರೆಕಾರ್ಡ್ ಮಾಡಿ ನೋಡ್ದೆ. ಆಗತ್ತೆ, ಆದ್ರೆ ಚೀಲ ನೆಂದು ಭಾರಕ್ಕೆ ಜಾರತ್ತೆ. ಕೊನೆಗೆ ಟಾರಸಿ ರೂಮಲ್ಲೇ ಕೂತೆ.

ಆಗಸ್ಟಲ್ಲಿ ಎರಡನೇ ಸಲ. 60 ಪ್ರಶ್ನೆ ಆದ್ಮೇಲೆ 10 ನಿಮಿಷದ ಬ್ರೇಕ್ ತಗೊಂಡು (ತಗೊಂಡ್ರೆ ಹಿಂದಿನ 60ಕ್ಕೆ ವಾಪಸ್ ಹೋಗೋಕಾಗ್ತಿರ್ಲಿಲ್ಲ) ಹೋಗಿ ಎಲ್ಲಾ ಲೈಟ್ ನೋಡ್ಕೊಂಡು ಬಂದೆ. 130ರ ಹತ್ರ ಸ್ಕ್ರೀನ್ ನಿಂತೇ ಹೋಯ್ತು, ಫೈಬರ್ ಹೋಗಿತ್ತು. ಕೈ ನಡುಗ್ತಿತ್ತು. ಆಪ್ ಮತ್ತೆ ತೆರೆದೆ, ಅಷ್ಟರಲ್ಲಿ ದೋಟಿ ಲೈನ್ ಎತ್ಕೊಂಡಿತ್ತು, ಪ್ರಾಕ್ಟರ್ ಐಡಿ ಇನ್ನೊಂದ್ಸಲ ನೋಡಿದ್ರು, ಅದೇ ಪ್ರಶ್ನೆ ಬಂತು.

ಪಾಸು, ಮೂರು ಡೊಮೈನಲ್ಲಿ (ವಿಭಾಗ) ಎರಡು ಅಬೌವ್ ಟಾರ್ಗೆಟ್, ಅಂದ್ರೆ ಬೇಕಾದ ಮಟ್ಟಕ್ಕಿಂತ ಮೇಲೆ. ಮಿನಿ ಯುಪಿಎಸ್ ಎರಡೂ ಈಗ ಭಾವನ ಮನೇಲಿ ಇದಾವೆ, ಅವರ ಮಗಳ ಸಿಎ ಕ್ಲಾಸ್ ಆನ್‌ಲೈನಲ್ಲಿ ನಡೀತಿದೆ.