ಒಂದೇ ಪಟ್ಟಿ ನಾಲ್ಕು ಸಲ ಹೋಗದಂತೆ: ಆ್ಯಪ್‌ಗೆ ಇಮೇಲ್ ಜೋಡಿಸುವ ಬಗೆ

ಶಿವಮೊಗ್ಗದ ಅಡಿಕೆ ಮಂಡಿಯೊಂದಕ್ಕೆ ನಾನು ಬರೆದುಕೊಟ್ಟ ತಂತ್ರಾಂಶ ಬೆಳೆಗಾರರಿಗೆ ಲೆಕ್ಕದ ಪಟ್ಟಿಯನ್ನು ಇಮೇಲ್ ಮಾಡುತ್ತಿತ್ತು. ಆಷಾಢದ ಒಂದು ಬೆಳಿಗ್ಗೆ ಹೊಸನಗರ ಕಡೆಯ ಹಿರಿಯರೊಬ್ಬರು ಕೊಡೆ ಮಡಚುತ್ತಾ ಒಳಗೆ ಬಂದು ಮೊಬೈಲನ್ನು ಮೇಜಿನ ಮೇಲಿಟ್ಟರು. ‘ರಾಶಿ ಅಡಿಕೆಯ ಪಟ್ಟಿ ನಾಲ್ಕು ಸಲ ಬಂದಿದೆ ಮಾರಾಯರೇ, ದುಡ್ಡು ಮಾತ್ರ ಒಂದೇ ಸಲ!’ ತಪ್ಪು ನನ್ನದೇ. ಆಮೇಲೆ ಇದೇ ತಪ್ಪನ್ನು ಎಷ್ಟೋ ಹುಡುಗರ ಪ್ರಾಜೆಕ್ಟ್‌ಗಳಲ್ಲೂ ಕಂಡಿದ್ದೇನೆ.

ಮೊದಲನೆಯದಾಗಿ, ಲೈಬ್ರರಿ, ಅಂದರೆ ಇಮೇಲ್ ಕಳುಹಿಸಲು ಬರೆದಿಟ್ಟ ಸಿದ್ಧ ಕೋಡ್, ಆರಿಸಿಕೊಳ್ಳಿ. ಪೈಥಾನ್‌ನಲ್ಲಿ ಎಸ್‌ಎಂಟಿಪಿಲಿಬ್ ಜೊತೆಗೇ ಬರುತ್ತದೆ, ಡಾಟ್‌ನೆಟ್‌ಗೆ ಮೇಲ್‌ಕಿಟ್, ಜಾವಾಕ್ಕೆ ಜಕಾರ್ತಾ ಮೇಲ್. ಪೋರ್ಟ್, ಅಂದರೆ ಸರ್ವರ್‌ನ ಬಾಗಿಲ ಸಂಖ್ಯೆ, 465 ಅಥವಾ 587. ನಾನು 465 ಅನ್ನೇ ಬಳಸುತ್ತೇನೆ. ಅಲ್ಲಿ ಸಂಪರ್ಕ ಶುರುವಿನಿಂದಲೇ ಗೂಢಲಿಪಿಯಲ್ಲಿರುತ್ತದೆ. 25 ಎಂಬುದು ಸರ್ವರ್‌ಗಳು ತಮ್ಮತಮ್ಮೊಳಗೆ ಮಾತಾಡುವ ಬಾಗಿಲು, ಅದರ ತಂಟೆ ಬೇಡ.

ಎರಡನೆಯದು ಪಾಸ್‌ವರ್ಡ್. ಜಿಮೇಲ್‌ನ ಸಾಮಾನ್ಯ ಖಾತೆಗಳಲ್ಲಿ 2022ರ ಮೇ ಕೊನೆಯಿಂದ ಬರಿಯ ಪಾಸ್‌ವರ್ಡ್ ನಡೆಯುವುದಿಲ್ಲ. ನಿಮ್ಮದೇ ಖಾತೆಯಾದರೆ ಆ್ಯಪ್‌ಗೆಂದೇ ಗೂಗಲ್ ಕೊಡುವ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಸಾಕು, ಗ್ರಾಹಕರ ಖಾತೆಗಳಾದರೆ ಓಆತ್ (ಪಾಸ್‌ವರ್ಡ್ ಹೇಳದೆಯೇ ಅನುಮತಿ ಕೊಡುವ ವ್ಯವಸ್ಥೆ) ಬೇಕೇ ಬೇಕು. ಮೊಬೈಲ್ ಆ್ಯಪ್‌ನೊಳಗೆ ಪಾಸ್‌ವರ್ಡ್ ಹುದುಗಿಸಿಡುವವರಿಗೆ ಏನು ಹೇಳುವುದು? ಎಪಿಕೆ, ಅಂದರೆ ಆಂಡ್ರಾಯ್ಡ್ ಆ್ಯಪ್‌ನ ಕಡತ, ಬಿಚ್ಚುವುದು ಬಾಳೆಹಣ್ಣು ಸುಲಿದಷ್ಟೇ ಸುಲಭ. ಅಲ್ಲಿ ಕಳುಹಿಸುವ ಕೆಲಸವನ್ನು ನಿಮ್ಮ ಸರ್ವರ್‌ಗೆ ಬಿಡಿ. ಅಪರೂಪಕ್ಕೊಂದು ಮೇಲ್ ಹೋಗಬೇಕಾದರೆ ಫೋನಿನಲ್ಲಿರುವ ಮೇಲ್ ಆ್ಯಪನ್ನೇ ತೆರೆಸಿ. ಅರ್ಧ ಗಂಟೆಯ ಕೆಲಸ.

ಮೂರನೆಯದಾಗಿ, ವಿಷಯದ ಸಾಲನ್ನು ಕೈಯಾರೆ ಕಟ್ಟಬೇಡಿ. ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ‘ಅ’ ಎಂಬ ಒಂದಕ್ಷರಕ್ಕೆ 3 ಬೈಟ್, ‘ಟ್ಟಿ’ಗೆ 12. ವಿಷಯದ ಸಾಲನ್ನು ಸಂಕೇತಕ್ಕೆ ತಿರುಗಿಸಿದಾಗ ಅದರ ಪ್ರತಿ ತುಂಡು 75 ಅಕ್ಷರ ಮೀರಬಾರದೆಂಬ ನಿಯಮವಿದೆ. ಎಲ್ಲೆಂದರಲ್ಲಿ ಕತ್ತರಿಸಿದರೆ ‘ಅಡಿಕೆ ಪಟ್ಟಿ’ಯ ನಡುವೆ ಪ್ರಶ್ನೆಚಿಹ್ನೆಗಳು ಮೊಳೆಯುತ್ತವೆ. ಲೈಬ್ರರಿಗೆ ಯುಟಿಎಫ್-8 ಎಂದು ಹೇಳಿ ಸುಮ್ಮನಿರಿ. ಲಗತ್ತುಗಳು ದಾರಿಯಲ್ಲಿ ಮೂರನೇ ಒಂದು ಪಾಲು ಉಬ್ಬುತ್ತವೆ. 20 ಎಂಬಿ ಕಡತ ಸುಮಾರು 27 ಎಂಬಿ ಆಗುವುದು ಹೀಗೆ.

ಈಗ ಎಲ್ಲರೂ ಎಡವುವ ಜಾಗ. ಎಸ್‌ಎಂಟಿಪಿಯಲ್ಲಿ, ಅಂದರೆ ಇಮೇಲ್ ಕಳುಹಿಸುವ ಪದ್ಧತಿಯಲ್ಲಿ, ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ ಹೋಗುತ್ತದೆ. ಸರ್ವರ್ ಅದನ್ನು ನೋಡಿ 250 ಎಂದರೆ ಪತ್ರವನ್ನು ಒಪ್ಪಿಕೊಂಡಿತು ಎಂದರ್ಥ. ಚುಕ್ಕಿ ಹೋಗಿ 250 ಬರುವ ಮೊದಲೇ ನೆಟ್‌ವರ್ಕ್ ಸತ್ತರೆ? ಪತ್ರ ಹೋಯಿತೋ ಇಲ್ಲವೋ ನಿಮಗೆ ತಿಳಿಯದು. ಮಳೆಗಾಲದ ಮಲೆನಾಡಿನಲ್ಲಿ ಇದು ದಿನನಿತ್ಯದ ಮಾತು. ಈ ಉತ್ತರಕ್ಕೆ 10 ನಿಮಿಷ ಕಾಯಬೇಕೆಂದು ಎಸ್‌ಎಂಟಿಪಿ ನಿಯಮಾವಳಿಯೇ ಹೇಳುತ್ತದೆ. ನಾನು 10 ಸೆಕೆಂಡ್ ಇಟ್ಟಿದ್ದೆ. ಸರ್ವರ್ ಪಟ್ಟಿಯನ್ನು ಆಗಲೇ ಒಪ್ಪಿಕೊಂಡಿತ್ತು, ನನ್ನ ತಂತ್ರಾಂಶ ಸೋತೆನೆಂದು ತಿಳಿದು ಮತ್ತೆ ಮತ್ತೆ ಕಳುಹಿಸಿತ್ತು.

ಆದ್ದರಿಂದ ‘ಕಳುಹಿಸು’ ಗುಂಡಿ ಒತ್ತಿದಾಗ ಏನೂ ಹೊರಡಬಾರದು. ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸಿನ ಕೋಷ್ಟಕದಲ್ಲಿ ಒಂದು ಸಾಲು ಬರೆದುಕೊಳ್ಳಲಿ, ಅಷ್ಟೇ. ಮೆಸೇಜ್-ಐಡಿಯನ್ನು, ಅಂದರೆ ಪ್ರತಿ ಪತ್ರಕ್ಕೂ ಬೇರೆಯೇ ಆದ ಗುರುತನ್ನು, ಆಗಲೇ ಹುಟ್ಟಿಸಿ ಅಲ್ಲೇ ಇಡಿ. ಎಷ್ಟು ಸಲ ಪ್ರಯತ್ನಿಸಿದರೂ ಅದು ಬದಲಾಗಕೂಡದು. ಹಿನ್ನೆಲೆಯ ಕೆಲಸಗಾರ (ತೆರೆಮರೆಯಲ್ಲಿ ಓಡುವ ಪ್ರೋಗ್ರಾಂ) ಸಾಲನ್ನು ಎತ್ತಿಕೊಂಡು, ಚುಕ್ಕಿ ಇಡುವ ಮುಂಚೆಯೇ ‘ಹೊರಟಿದೆ’ ಎಂದು ಗುರುತು ಹಾಕಲಿ, 250 ಬಂದ ಮೇಲೆ ‘ಒಪ್ಪಿಸಿದೆ’ ಎನ್ನಲಿ. ‘ತಲುಪಿದೆ’ ಎಂದು ಬರೆಯಬೇಡಿ. ವಿಳಾಸ ತಪ್ಪಿದ್ದರೆ ಪತ್ರ ಆಮೇಲೂ ಮರಳಿ ಬರಬಹುದು. 4ರಿಂದ ಶುರುವಾಗುವ ಉತ್ತರ ಬಂದರೆ ಸ್ವಲ್ಪ ತಡೆದು ಮತ್ತೆ ಕಳುಹಿಸಿ, 5ರಿಂದಾದರೆ ನಿಲ್ಲಿಸಿ. ‘ಹೊರಟಿದೆ’ಯಲ್ಲೇ ಸಿಕ್ಕಿಕೊಂಡ ಸಾಲಿಗೆ ಮೊದಲು ‘ಸೆಂಟ್’ ಪೆಟ್ಟಿಗೆಯಲ್ಲಿ ಅದೇ ಮೆಸೇಜ್-ಐಡಿ ಇದೆಯೇ ಎಂದು ಹುಡುಕಿ, ಇದ್ದರೆ ಮತ್ತೆ ಕಳುಹಿಸಬೇಡಿ. ಜಿಮೇಲ್ ಪ್ರತಿಯನ್ನು ತಾನೇ ಅಲ್ಲಿಡುತ್ತದೆ. ಹಾಗೆ ಇಡದ ಸರ್ವರ್ ಆದರೆ ನಿಮ್ಮ ವಿಳಾಸಕ್ಕೇ ಒಂದು ಬಿಸಿಸಿ (ಗುಪ್ತ ಪ್ರತಿ) ಹಾಕಿ, ಒಳಪೆಟ್ಟಿಗೆಯಲ್ಲಿ ನೋಡಿ.

ಪತ್ರ ಪಡೆಯುವುದು ಇದರ ಮುಂದೆ ಹಗುರ. ಪತ್ರಗಳನ್ನು ಸರ್ವರ್‌ನಲ್ಲೇ ಇಟ್ಟು ಓದುವ ಐಮ್ಯಾಪ್, ಪೋರ್ಟ್ 993. ಪತ್ರಗಳನ್ನು ಇಳಿಸಿಕೊಳ್ಳುವ ಪಾಪ್ 3 ಬೇಡ. ಕಚೇರಿಯ ಕಂಪ್ಯೂಟರ್ ಇಳಿಸಿಕೊಂಡು ಅಳಿಸಿದ ಪತ್ರ ಮೊಬೈಲ್‌ನಲ್ಲಿ ಕಾಣುವುದಿಲ್ಲ ಎಂಬ ದೂರು ಕೇಳಿ ಸಾಕಾಗಿದೆ. ಪತ್ರಗಳನ್ನು ಸರಣಿ ಸಂಖ್ಯೆಯಿಂದಲ್ಲ, ಪೆಟ್ಟಿಗೆಯಲ್ಲಿ ಪ್ರತಿ ಪತ್ರಕ್ಕೂ ಇರುವ ಸ್ಥಿರ ಸಂಖ್ಯೆಯಾದ ಯುಐಡಿಯಿಂದ ಗುರುತಿಸಿ. ಆ ಸಂಖ್ಯೆಗಳು ಇನ್ನೂ ನಡೆಯುತ್ತವೆಯೇ ಎಂದು ತಿಳಿಸುವ ಯುಐಡಿ-ವ್ಯಾಲಿಡಿಟಿ ಬದಲಾದರೆ ಹಳೆಯದನ್ನೆಲ್ಲ ಬಿಟ್ಟು ಮೊದಲಿನಿಂದ ಓದಿ. ಡೆಸ್ಕ್‌ಟಾಪ್‌ನಲ್ಲಿ ಐಡಲ್ ಆಜ್ಞೆ ಕೊಟ್ಟು ಹೊಸ ಪತ್ರಕ್ಕಾಗಿ ಕಾಯಬಹುದು, 29 ನಿಮಿಷದೊಳಗೆ ಅದನ್ನು ನವೀಕರಿಸುತ್ತಿರಬೇಕು. ಆಂಡ್ರಾಯ್ಡ್ ಹೀಗೆ ಕಾಯಲು ಬಿಡುವುದಿಲ್ಲ. ಅಲ್ಲಿ ಆಗಾಗ ಪೆಟ್ಟಿಗೆ ನೋಡಿಸಲು ಬಳಸುವ ವರ್ಕ್‌ಮ್ಯಾನೇಜರ್‌ನ ಕನಿಷ್ಠ ಅಂತರ 15 ನಿಮಿಷ.

ಕೊನೆಗೆ ಪರೀಕ್ಷೆ. ಚುಕ್ಕಿ ಬಂದ ಮೇಲೆ ಬೇಕೆಂದೇ ಅರ್ಧ ನಿಮಿಷ ಸುಮ್ಮನಿರುವ ಪುಟ್ಟ ಸರ್ವರ್ ಒಂದನ್ನು ಬರೆದು, ಆ ಮೌನದ ನಡುವೆ ವೈಫೈ ಆಫ್ ಮಾಡಿ. ಮತ್ತೆ ಹಾಕಿದಾಗ ಎರಡನೇ ಪ್ರತಿ ಹೊರಟರೆ ಆ ಆ್ಯಪ್ ಇನ್ನೂ ಮಂಡಿಯ ಮೇಜಿಗೆ ಹೋಗುವುದು ಬೇಡ.