ಐಸ್ ಪ್ಲಾಂಟಿನ ಲೆಕ್ಕಕ್ಕೆ ಬೀಗ: ಜಾವಾ ವೆಬ್ ಆ್ಯಪ್‌ಗೆ ಫಾರ್ಮ್ ಲಾಗಿನ್ ಹಾಕಿದ ಬಗೆ

ಮಲ್ಪೆಯಲ್ಲಿ ನನ್ನ ಮಾವನದ್ದೊಂದು ಐಸ್ ಪ್ಲಾಂಟ್ ಇದೆ. ಯಾವ ಬೋಟಿಗೆ ಎಷ್ಟು ಬ್ಲಾಕ್ ಐಸ್ ಹೋಯಿತು, ಯಾರದ್ದು ಎಷ್ಟು ಬಾಕಿ ಎಂಬ ಲೆಕ್ಕಕ್ಕೆ ನಾನೇ ಒಂದು ವೆಬ್ ಆ್ಯಪ್ ಬರೆದುಕೊಟ್ಟಿದ್ದೆ. ಪುಟಗಳಿಗೆ ಜೆಎಸ್‌ಪಿ, ಹಿಂದಿನ ಜಾವಾ ಕೆಲಸಕ್ಕೆ ಸರ್ವ್‌ಲೆಟ್, ಡೇಟಾಬೇಸಿಗೆ ಮೈಎಸ್‌ಕ್ಯೂಎಲ್, ಇವನ್ನು ಓಡಿಸುವ ಸರ್ವರ್ ಟಾಮ್‌ಕ್ಯಾಟ್ 9. ಅಷ್ಟೇ. ಲಾಗಿನ್ ಕೂಡ ನನ್ನದೇ ಕೈಕೆಲಸ. ಪ್ರತಿ ಜೆಎಸ್‌ಪಿಯ ತಲೆಯಲ್ಲಿ ನಾಲ್ಕು ಸಾಲು: ಸೆಷನ್‌ನಲ್ಲಿ (ಬಂದವರು ಯಾರೆಂದು ಸರ್ವರ್ ಇಟ್ಟುಕೊಳ್ಳುವ ನೆನಪು) ಹೆಸರಿಲ್ಲದಿದ್ದರೆ ಹೊರಗೆ ಕಳಿಸು. ಹನ್ನೆರಡು ಪುಟಗಳಲ್ಲಿ ಹಾಕಿದ್ದೆ. ಹದಿಮೂರನೆಯದು ಬಾಕಿ ಪಟ್ಟಿಯ ಪ್ರಿಂಟ್ ಪುಟ. ಅದರಲ್ಲಿ ಮರೆತಿದ್ದೆ.

ಆ ಪುಟದ ಲಿಂಕ್ ಯಾರದ್ದೋ ವಾಟ್ಸಾಪ್‌ಗೆ ಹೋಯಿತು. ಮರುದಿನ ಒಂದು ಬೋಟಿನವರ ಬಾಕಿ ಬಂದರಿನ ಚಾ ಅಂಗಡಿಯಲ್ಲಿ ಮಾತಾಯಿತು. ಮಾವ ಬಯ್ಯಲಿಲ್ಲ. ಫೋನ್ ಮಾಡಿ, “ಪುಸ್ತಕ ಇದ್ದಾಗ ಕಪಾಟಿಗೆ ಬೀಗ ಇತ್ತು. ನಿನ್ನ ಕಂಪ್ಯೂಟರಿಗೆ ಬೀಗ ಇಲ್ವಾ ಮಾರಾಯ್ತಿ?” ಅಂದರು. ಬೈದಿದ್ದರೆ ಅಷ್ಟು ತಾಗುತ್ತಿರಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 61 ದಿನ. ಐಸಿಗೆ ಗಿರಾಕಿ ಕಮ್ಮಿ, ಪ್ಲಾಂಟಿನ ಲೆಕ್ಕ ಬರೆಯುವ ರೈಟ್ರಿಗೂ ಕೆಲಸ ಕಮ್ಮಿ. ಆ ಮಳೆಗಾಲದಲ್ಲಿ ನನ್ನ ನಾಲ್ಕು ಸಾಲುಗಳನ್ನೆಲ್ಲ ಕಿತ್ತೆಸೆದು, ಕಾಯುವ ಕೆಲಸವನ್ನು ಟಾಮ್‌ಕ್ಯಾಟಿಗೇ ಒಪ್ಪಿಸಿದೆ. ಹೇಗೆ ಮಾಡಿದೆ, ಎಲ್ಲೆಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮದು ಸ್ಪ್ರಿಂಗ್ ಬೂಟ್ ಆದರೆ ದಾರಿ ಬೇರೆ. ಇದು ಹಳೆ ಕಾಲದ ವೆಬ್.ಎಕ್ಸ್‌ಎಂಎಲ್ ಎಂಬ ಸೆಟ್ಟಿಂಗ್ ಫೈಲ್ ಇಟ್ಟುಕೊಂಡವರಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟ್ಯಾಗ್‌ಗಳ ಹೆಸರನ್ನು ಫೋನಿನಲ್ಲಿ ಓದಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ವೆಬ್.ಎಕ್ಸ್‌ಎಂಎಲ್ ಮತ್ತು ಲಾಗಿನ್ ಪುಟದಲ್ಲಿ ಅವೆಲ್ಲ ಇಂಗ್ಲಿಷ್ ಸಣ್ಣಕ್ಷರ, ಕಾಂಟೆಕ್ಸ್ಟ್.ಎಕ್ಸ್‌ಎಂಎಲ್‌ನಲ್ಲಿ ಮಾತ್ರ ನಡುವೆ ದೊಡ್ಡಕ್ಷರವೂ ಇದೆ. ಇಲ್ಲಿ ಹೈಫನ್ ಇದ್ದಲ್ಲಿ ಅಲ್ಲೂ ಹೈಫನ್, ಅಂಡರ್‌ಸ್ಕೋರ್ ಇದ್ದಲ್ಲಿ ಅಂಡರ್‌ಸ್ಕೋರ್.

ಸರ್ವ್‌ಲೆಟ್ ನಿಯಮದಲ್ಲಿ ಲಾಗಿನ್‌ಗೆ ನಾಲ್ಕು ಬಗೆ ಇವೆ: ಬೇಸಿಕ್, ಡೈಜೆಸ್ಟ್, ಫಾರ್ಮ್, ಕ್ಲೈಂಟ್-ಸರ್ಟ್. ಬೇಸಿಕ್ ಸುಲಭ, ಆದರೆ ಬ್ರೌಸರಿನದ್ದೇ ಒಂದು ಬೋಳು ಪೆಟ್ಟಿಗೆ ಬರುತ್ತದೆ. ಅದರಲ್ಲಿ ಕನ್ನಡ ಬರೆಯುವಂತಿಲ್ಲ, ಸರಿಯಾದ ಲಾಗೌಟೂ ಇಲ್ಲ. ಫಾರ್ಮ್‌ನಲ್ಲಿ ಪುಟ ನಮ್ಮದು, ಕಾವಲು ಟಾಮ್‌ಕ್ಯಾಟಿನದ್ದು.

ಕೋಡ್ ಮುಟ್ಟುವ ಮೊದಲು ಫೋಲ್ಡರ್ ಸರಿ ಮಾಡಿಕೊಳ್ಳಿ. ನಾನು ಮೂರು ಮಾಡಿದೆ. ‘ಲೆಕ್ಕ’ದಲ್ಲಿ ದಿನದ ಐಸ್ ಬರೆಯುವ ಪುಟಗಳು. ‘ಬಾಕಿ’ಯಲ್ಲಿ ಸಾಲದ ಪುಟಗಳು. ‘ಪಬ್ಲಿಕ್’ನಲ್ಲಿ ಸಿಎಸ್‌ಎಸ್ ಮತ್ತು ಚಿತ್ರಗಳು. ಪಾತ್ರ ಎರಡೇ: ಧಣಿ ಮತ್ತು ರೈಟರ್. ಲೆಕ್ಕ ಇಬ್ಬರಿಗೂ ಕಾಣಬೇಕು, ಬಾಕಿ ಧಣಿಗೆ ಮಾತ್ರ.

ಈಗ ವೆಬ್.ಎಕ್ಸ್‌ಎಂಎಲ್. ‘ಲೆಕ್ಕ’, ‘ಬಾಕಿ’ ಎರಡು ಫೋಲ್ಡರಿಗೂ ಒಂದೊಂದು ಸೆಕ್ಯುರಿಟಿ-ಕನ್‌ಸ್ಟ್ರೈಂಟ್ ಬರೆಯಿರಿ. ಅದರೊಳಗೆ ಮೊದಲು ವೆಬ್-ರಿಸೋರ್ಸ್-ಕಲೆಕ್ಷನ್. ಅಲ್ಲಿ ಒಂದು ಹೆಸರು, ಮತ್ತು ಯುಆರ್‌ಎಲ್-ಪ್ಯಾಟರ್ನ್ ಆಗಿ /ಬಾಕಿ/* ಎಂದು ಕೊಡಿ. ಆಮೇಲೆ ಆಥ್-ಕನ್‌ಸ್ಟ್ರೈಂಟ್, ಅದರೊಳಗೆ ರೋಲ್-ನೇಮ್ ಆಗಿ ಧಣಿ. ಲೆಕ್ಕದ ಫೋಲ್ಡರಿಗೂ ಹೀಗೆಯೇ, ಅಲ್ಲಿ ಎರಡು ರೋಲ್-ನೇಮ್. ಕೊನೆಗೆ ಈ ಎರಡೂ ಪಾತ್ರಗಳನ್ನು ಸೆಕ್ಯುರಿಟಿ-ರೋಲ್ ಟ್ಯಾಗಿನಲ್ಲಿ ಒಮ್ಮೆ ಘೋಷಿಸಿ.

ಇಲ್ಲಿ ಬೀಳುವಂಥ ಎರಡು ಹೊಂಡಗಳಿವೆ. ಆಥ್-ಕನ್‌ಸ್ಟ್ರೈಂಟ್ ಬರೆಯಲು ಮರೆತರೆ ಪುಟ ಎಲ್ಲರಿಗೂ ತೆರೆದಿರುತ್ತದೆ. ಬರೆದು ಒಳಗೆ ಖಾಲಿ ಬಿಟ್ಟರೆ ಯಾರಿಗೂ ತೆರೆಯುವುದಿಲ್ಲ, ಧಣಿಗೂ. ಇನ್ನೊಂದು ಎಚ್‌ಟಿಟಿಪಿ-ಮೆಥಡ್, ಎಂದರೆ ಬ್ರೌಸರ್ ಸರ್ವರನ್ನು ಕೇಳುವ ಬಗೆ. ಎಷ್ಟೋ ಉದಾಹರಣೆಗಳಲ್ಲಿ ಗೆಟ್, ಪೋಸ್ಟ್ ಎಂದು ಎರಡು ಸಾಲು ಇರುತ್ತವೆ. ನೋಡಲು ಜಾಗ್ರತೆಯ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಹಾಗೆ ಬರೆದರೆ ಬೀಗ ಆ ಎರಡಕ್ಕೆ ಮಾತ್ರ. ಪುಟ್, ಡಿಲೀಟ್, ಹೆಡ್ ಎಲ್ಲ ಹೊರಗೆ ಉಳಿಯುತ್ತವೆ. ಆ ಸಾಲುಗಳನ್ನು ಸುಮ್ನೆ ಬಿಟ್ಟುಬಿಡಿ. ಬರೆಯದಿದ್ದರೆ ಎಲ್ಲದಕ್ಕೂ ಬೀಗ ಬೀಳುತ್ತದೆ.

ಇನ್ನು ಲಾಗಿನ್-ಕಾನ್ಫಿಗ್. ಆಥ್-ಮೆಥಡ್ ಎಂಬಲ್ಲಿ ಫಾರ್ಮ್ ಎಂದು ದೊಡ್ಡಕ್ಷರದಲ್ಲಿ. ಫಾರ್ಮ್-ಲಾಗಿನ್-ಕಾನ್ಫಿಗ್ ಒಳಗೆ ಎರಡು ಪುಟಗಳ ಹೆಸರು: ಫಾರ್ಮ್-ಲಾಗಿನ್-ಪೇಜ್ ಮತ್ತು ಫಾರ್ಮ್-ಎರರ್-ಪೇಜ್. ಎರಡೂ ಓರೆಗೆರೆಯಿಂದಲೇ (/) ಶುರುವಾಗಬೇಕು.

ಲಾಗಿನ್ ಪುಟದ ಎಚ್‌ಟಿಎಂಎಲ್‌ನಲ್ಲಿ ಮೂರು ಹೆಸರು ಅಕ್ಷರಶಃ ಸರಿಯಿರಬೇಕು. ಫಾರ್ಮಿನ ಆ್ಯಕ್ಷನ್ ಜೆ_ಸೆಕ್ಯುರಿಟಿ_ಚೆಕ್. ಹೆಸರಿನ ಪೆಟ್ಟಿಗೆ ಜೆ_ಯೂಸರ್‌ನೇಮ್. ಪಾಸ್‌ವರ್ಡಿನದ್ದು ಜೆ_ಪಾಸ್‌ವರ್ಡ್. ಮೆಥಡ್ ಪೋಸ್ಟ್. ಆ್ಯಕ್ಷನ್ ಎದುರು ಮಾತ್ರ ಓರೆಗೆರೆ ಹಾಕಬೇಡಿ. ಹಾಕಿದರೆ ಬ್ರೌಸರ್ ನಿಮ್ಮ ಆ್ಯಪ್ ಬಿಟ್ಟು ಸರ್ವರಿನ ಬುಡಕ್ಕೆ ಹೋಗುತ್ತದೆ, 404 ಬರುತ್ತದೆ. ಮೇಲಿನ ಎರಡು ಪುಟಗಳಿಗೆ ಓರೆಗೆರೆ ಬೇಕು, ಇದಕ್ಕೆ ಬೇಡ. ನಾನು ಇದನ್ನು ತಿರುಗಾಮುರುಗಾ ಮಾಡಿ ಅರ್ಧ ದಿನ ಕಳೆದಿದ್ದೇನೆ. ಈ ವಿಳಾಸಕ್ಕೆ ನೀವು ಸರ್ವ್‌ಲೆಟ್ ಬರೆಯಬೇಕಾಗಿಲ್ಲ. ಟಾಮ್‌ಕ್ಯಾಟೇ ಅದನ್ನು ಹಿಡಿಯುತ್ತದೆ.

ಈಗ ನನ್ನ ದೊಡ್ಡ ಪೆದ್ದುತನ. ಮೊದಲ ದಿನ ನಾನು ಫೋಲ್ಡರ್ ಲೆಕ್ಕ ಎಲ್ಲ ಬೇಡ ಎಂದು ಇಡೀ ಆ್ಯಪ್‌ಗೆ /* ಎಂದು ಬೀಗ ಹಾಕಿದ್ದೆ. ಲಾಗಿನ್ ಪುಟ ಬಂತು, ಆದರೆ ಬಣ್ಣ ಇಲ್ಲ, ಬೋಟಿನ ಲೋಗೋ ಇಲ್ಲ. ಸಂಜೆ ನೋಡುವ ಅಂತ ಬಿಟ್ಟೆ. ಅಷ್ಟರಲ್ಲಿ ಮಾವನ ಫೋನ್. “ಎಂಥದ್ದು ಇದು? ಪಾಸ್‌ವರ್ಡ್ ಹಾಕಿದ್ರೆ ಬರೇ ಬೋಟಿನ ಚಿತ್ರ ಬರ್ತದೆ!”

ಅವರು ಹೇಳಿದ್ದು ನಿಜ. ಸ್ಕ್ರೀನ್ ತುಂಬ ಕಪ್ಪು, ನಡುವೆ ನಮ್ಮ ಲೋಗೋ.

ಆದದ್ದು ಇಷ್ಟು. ಲಾಗಿನ್ ಆಗದವರು ಯಾವುದಾದರೂ ಪುಟ ಕೇಳಿದರೆ ಟಾಮ್‌ಕ್ಯಾಟ್ ಆ ವಿಳಾಸವನ್ನು ಸೆಷನ್‌ನಲ್ಲಿ ನೆನಪಿಟ್ಟು, ಲಾಗಿನ್ ಪುಟವನ್ನು ಒಳಗಿನಿಂದಲೇ ಫಾರ್ವರ್ಡ್ ಮಾಡುತ್ತದೆ. ಒಳಗಿನ ಫಾರ್ವರ್ಡಿಗೆ ಬೀಗ ಅಡ್ಡ ಬರುವುದಿಲ್ಲ, ಹಾಗಾಗಿ ಪುಟ ಕಾಣುತ್ತದೆ. ಆದರೆ ಆ ಪುಟದ ಸಿಎಸ್‌ಎಸ್ ಮತ್ತು ಚಿತ್ರವನ್ನು ಬ್ರೌಸರ್ ಹೊರಗಿನಿಂದ ಬೇರೆಯಾಗಿ ಕೇಳುತ್ತದೆ. ಅವಕ್ಕೂ ಬೀಗ. ಆಗ ಟಾಮ್‌ಕ್ಯಾಟ್ ಹೊಸದಾಗಿ ಕೇಳಿದ್ದನ್ನು, ಎಂದರೆ ಲೋಗೋ ವಿಳಾಸವನ್ನು, ನೆನಪಿಟ್ಟುಕೊಳ್ಳುತ್ತದೆ. ಮೊದಲಿನದ್ದು ಹೋಯಿತು. ಪಾಸ್‌ವರ್ಡ್ ಸರಿಯಾದ ಕೂಡಲೇ ಕೊನೆಗೆ ಕೇಳಿದಲ್ಲಿಗೆ, ಬೋಟಿನ ಚಿತ್ರಕ್ಕೆ, ಕಳಿಸಿಕೊಡುತ್ತದೆ. ‘ಪಬ್ಲಿಕ್’ ಫೋಲ್ಡರ್ ಹುಟ್ಟಿದ್ದು ಆ ಸಂಜೆ. ಲಾಗಿನ್ ಪುಟಕ್ಕೆ ಬೇಕಾದ ಒಂದೊಂದು ಫೈಲೂ ಬೀಗದ ಹೊರಗೇ ಇರಬೇಕು.

ಯೂಸರ್‌ಗಳನ್ನು ಎಲ್ಲಿ ಇಡುವುದು? ಪರೀಕ್ಷೆಗೆ ಟಾಮ್‌ಕ್ಯಾಟಿನ ಕಾನ್ಫ್ ಫೋಲ್ಡರಿನಲ್ಲಿರುವ ಟಾಮ್‌ಕ್ಯಾಟ್-ಯೂಸರ್ಸ್.ಎಕ್ಸ್‌ಎಂಎಲ್ ಸಾಕು. ನಿಜವಾದ ಕೆಲಸಕ್ಕೆ ಡೇಟಾಬೇಸ್ ಬೇಕು. ಎರಡು ಟೇಬಲ್ ಮಾಡಿ. ಒಂದರಲ್ಲಿ ಹೆಸರು ಮತ್ತು ಪಾಸ್‌ವರ್ಡ್, ಇನ್ನೊಂದರಲ್ಲಿ ಹೆಸರು ಮತ್ತು ಪಾತ್ರ. ಹೆಸರಿನ ಕಾಲಮ್ ಎರಡರಲ್ಲೂ ಒಂದೇ ಹೆಸರಿನದ್ದಾಗಿರಬೇಕು. ಆಮೇಲೆ ಆ್ಯಪ್‌ನ ಕಾಂಟೆಕ್ಸ್ಟ್.ಎಕ್ಸ್‌ಎಂಎಲ್‌ನಲ್ಲಿ ಡೇಟಾಸೋರ್ಸ್ ರೆಲ್ಮ್ (ಯೂಸರ್‌ಗಳನ್ನು ಎಲ್ಲಿ ಹುಡುಕಬೇಕೆಂದು ಟಾಮ್‌ಕ್ಯಾಟಿಗೆ ಹೇಳುವ ಭಾಗ) ಬರೆದು ಟೇಬಲ್, ಕಾಲಮ್‌ಗಳ ಹೆಸರು ಕೊಡಿ. ಡೇಟಾಸೋರ್ಸ್, ಎಂದರೆ ಡೇಟಾಬೇಸಿನ ಸಂಪರ್ಕದ ವಿವರ, ಕೂಡ ಅದೇ ಫೈಲಿನಲ್ಲಿದ್ದರೆ ಲೋಕಲ್‌ಡೇಟಾಸೋರ್ಸ್ ಎಂಬುದಕ್ಕೆ ಟ್ರೂ ಎಂದು ಹಾಕಿ. ಮೈಎಸ್‌ಕ್ಯೂಎಲ್ ಡ್ರೈವರಿನ ಜಾರ್ ಫೈಲ್ ನಿಮ್ಮ ಆ್ಯಪ್ ಒಳಗೆ ಬೇಡ, ಟಾಮ್‌ಕ್ಯಾಟಿನ ಲಿಬ್ ಫೋಲ್ಡರಿನಲ್ಲಿ ಇಡಿ.

ಪಾಸ್‌ವರ್ಡನ್ನು ಹಾಗೇ ಬರೆದಿಡಬೇಡಿ, ಹಿಂದಕ್ಕೆ ತಿರುಗಿಸಲಾಗದ ಹ್ಯಾಶ್ ಮಾಡಿ ಇಡಿ. ಟಾಮ್‌ಕ್ಯಾಟಿನ ಬಿನ್ ಫೋಲ್ಡರಿನಲ್ಲಿ ಡೈಜೆಸ್ಟ್ ಎಂಬ ಸ್ಕ್ರಿಪ್ಟ್ ಇದೆ. ಅದಕ್ಕೆ ಸೀಕ್ರೆಟ್‌ಕೀ ಕ್ರೆಡೆನ್ಷಿಯಲ್ ಹ್ಯಾಂಡ್ಲರ್ ಬಳಸು ಎಂದು ಹೇಳಿ, ಅಲ್ಗಾರಿದಮ್ ಆಗಿ ಪಿಬಿಕೆಡಿಎಫ್2 ವಿತ್ ಹೆಚ್‌ಮ್ಯಾಕ್ ಎಸ್‌ಎಚ್‌ಎ512 ಕೊಟ್ಟೆ. 1,00,000 ಸುತ್ತು, 16 ಬೈಟ್ ಸಾಲ್ಟ್ (ಪಾಸ್‌ವರ್ಡಿಗೆ ಬೆರೆಸುವ ಗೊತ್ತುಗುರಿಯಿಲ್ಲದ ಅಂಕಿಗಳು), 256 ಬಿಟ್ ಕೀ. ಹೊರಬರುವುದು ಸಾಲ್ಟ್, ಸುತ್ತು, ಹ್ಯಾಶ್ ಮೂರನ್ನೂ ಡಾಲರ್ ಚಿಹ್ನೆಯಿಂದ ಜೋಡಿಸಿದ ಒಂದು ಉದ್ದ ಸಾಲು. ಎಣಿಸಿದರೆ 104 ಅಕ್ಷರ. ಹಳೆಯ ಉದಾಹರಣೆ ನೋಡಿ ಪಾಸ್‌ವರ್ಡ್ ಕಾಲಮಿಗೆ 15 ಅಕ್ಷರ ಇಟ್ಟರೆ ಇದು ಹಿಡಿಯುವುದಿಲ್ಲ. ನಾನು 255 ಇಟ್ಟೆ. ರೆಲ್ಮ್ ಒಳಗೂ ಅದೇ ಹ್ಯಾಂಡ್ಲರ್, ಅದೇ ಅಲ್ಗಾರಿದಮ್ ಬರೆಯಬೇಕು, ಇಲ್ಲದಿದ್ದರೆ ಸರಿ ಪಾಸ್‌ವರ್ಡೂ ತಪ್ಪೆಂದೇ ಬರುತ್ತದೆ.

ಟಾಮ್‌ಕ್ಯಾಟಿನ ಸರ್ವರ್.ಎಕ್ಸ್‌ಎಂಎಲ್‌ನಲ್ಲಿ ಮೊದಲೇ ಒಂದು ಲಾಕ್‌ಔಟ್ ರೆಲ್ಮ್ ಇರುತ್ತದೆ. 5 ಸಲ ತಪ್ಪಿದರೆ ಆ ಹೆಸರನ್ನು 300 ಸೆಕೆಂಡು ಹೊರಗಿಡುತ್ತದೆ. ನೀವು ಆ್ಯಪ್‌ನಲ್ಲಿ ನಿಮ್ಮದೇ ರೆಲ್ಮ್ ಬರೆದ ಕೂಡಲೇ ಆ ರಕ್ಷಣೆ ನಿಮಗಿಲ್ಲ. ಹಾಗಾಗಿ ನಿಮ್ಮ ಡೇಟಾಸೋರ್ಸ್ ರೆಲ್ಮ್ ಸುತ್ತ ನೀವೇ ಒಂದು ಲಾಕ್‌ಔಟ್ ರೆಲ್ಮ್ ಸುತ್ತಿ. ಬಹಳ ಜನ ಇದನ್ನು ಗಮನಿಸುವುದಿಲ್ಲ.

ರೈಟ್ರಿಗೆ ತಮ್ಮ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡುವ ಆಸೆ. ಮಾಡಿದರು, ಒಳಗೆ ಹೋಗಲಿಲ್ಲ. ಲಾಗ್‌ನಲ್ಲಿ ನೋಡಿದರೆ ಹೆಸರಿನ ಜಾಗದಲ್ಲಿ ಚಿತ್ರವಿಚಿತ್ರ ಗುರುತು. ಫಾರ್ಮಿನಿಂದ ಬಂದದ್ದನ್ನು ಟಾಮ್‌ಕ್ಯಾಟ್ 9 ಯುಟಿಎಫ್-8 ಎಂದು ಓದಿರಲಿಲ್ಲ. ಕಾಂಟೆಕ್ಸ್ಟ್.ಎಕ್ಸ್‌ಎಂಎಲ್‌ನಲ್ಲಿ ಫಾರ್ಮ್ ಆಥೆಂಟಿಕೇಟರ್ ಎಂಬ ವಾಲ್ವ್ (ಬರುವ ಕೋರಿಕೆಗಳು ಹಾದುಹೋಗುವ ಟಾಮ್‌ಕ್ಯಾಟಿನ ಭಾಗ) ಬರೆದು, ಕ್ಯಾರೆಕ್ಟರ್‌ಎನ್‌ಕೋಡಿಂಗ್ ಯುಟಿಎಫ್-8 ಎಂದು ಕೊಟ್ಟ ಮೇಲೆ ಸರಿಯಾಯಿತು.

ಅದೇ ವಾಲ್ವ್‌ನಲ್ಲಿ ಲ್ಯಾಂಡಿಂಗ್‌ಪೇಜ್ ಎಂಬುದನ್ನೂ ತುಂಬಿ. ಕಾರಣ ಹೇಳುತ್ತೇನೆ. ಲಾಗಿನ್‌ಗಾಗಿಯೇ ಹುಟ್ಟಿದ ಸೆಷನ್‌ಗೆ ಈಗಿನ ಟಾಮ್‌ಕ್ಯಾಟ್ 120 ಸೆಕೆಂಡು ಮಾತ್ರ ಕೊಡುತ್ತದೆ. ರೈಟ್ರು ಬೆಳಿಗ್ಗೆ ಲಾಗಿನ್ ಪುಟ ತೆರೆದಿಡುತ್ತಾರೆ. ಅಷ್ಟರಲ್ಲಿ ಬೋಟು ಬರುತ್ತದೆ, ಐಸ್ ತುಂಬಿಸಲು ಓಡುತ್ತಾರೆ. ಹತ್ತು ನಿಮಿಷ ಬಿಟ್ಟು ಬಂದು ಪಾಸ್‌ವರ್ಡ್ ಒತ್ತಿದರೆ 408 ಎಂಬ ದೋಷ. ಲಾಗಿನ್ ಪುಟವನ್ನೇ ಬುಕ್‌ಮಾರ್ಕ್ ಮಾಡಿ ನೇರ ತೆರೆದು ಪಾಸ್‌ವರ್ಡ್ ಒತ್ತಿದರೆ 400. ಯಾವ ಪುಟಕ್ಕೆ ಕಳಿಸಬೇಕೆಂಬ ನೆನಪೇ ಇಲ್ಲದಾಗ ಟಾಮ್‌ಕ್ಯಾಟ್ ಹೀಗೆ ಮಾಡುತ್ತದೆ. ಲ್ಯಾಂಡಿಂಗ್‌ಪೇಜ್ ಕೊಟ್ಟಿದ್ದರೆ ಆ ಪುಟವನ್ನೇ ಕೇಳಿದರು ಎಂದು ತಿಳಿದುಕೊಳ್ಳುತ್ತದೆ. ನಾನು ದಿನದ ಲೆಕ್ಕದ ಪುಟ ಕೊಟ್ಟಿದ್ದೇನೆ.

ಎಚ್‌ಟಿಟಿಪಿಎಸ್ ಇಲ್ಲದೆ ಇದನ್ನು ಓಡಿಸಬೇಡಿ. ಫಾರ್ಮಿನಿಂದ ಪಾಸ್‌ವರ್ಡ್ ಹೊರಡುವುದು ತೆರೆದ ಕಾಗದದ ಹಾಗೆ. ಎರಡೂ ಸೆಕ್ಯುರಿಟಿ-ಕನ್‌ಸ್ಟ್ರೈಂಟ್‌ಗಳಲ್ಲಿ ಟ್ರಾನ್ಸ್‌ಪೋರ್ಟ್-ಗ್ಯಾರಂಟಿಗೆ ಕಾನ್ಫಿಡೆನ್ಷಿಯಲ್ ಎಂದು ಕೊಡಿ. ಎದುರಿಗೆ ಎನ್‌ಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್ ಇದ್ದು ಎಚ್‌ಟಿಟಿಪಿಎಸ್ ಅಲ್ಲಿಗೇ ಮುಗಿಯುವುದಾದರೆ ರಿಮೋಟ್ ಐಪಿ ವಾಲ್ವ್ ಕೂಡ ಬೇಕು. ಇಲ್ಲದಿದ್ದರೆ ಬ್ರೌಸರ್ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ.

ಲಾಗೌಟ್‌ಗೆ ಒಂದು ಪುಟ್ಟ ಸರ್ವ್‌ಲೆಟ್ ಸಾಕು: ರಿಕ್ವೆಸ್ಟಿನ ಲಾಗೌಟ್ ಕರೆಯಿರಿ, ಸೆಷನ್ ಇನ್‌ವ್ಯಾಲಿಡೇಟ್ ಮಾಡಿ, ಬೇರೆ ಪುಟಕ್ಕೆ ಕಳಿಸಿ. ಬ್ಯಾಕ್ ಒತ್ತಿದಾಗ ಬಾಕಿ ಪಟ್ಟಿ ಮತ್ತೆ ಕಾಣಬಾರದೆಂದರೆ ಬೀಗ ಇರುವ ಪುಟಗಳಿಗೆಲ್ಲ ನೋ-ಸ್ಟೋರ್ ಹೆಡರ್ ಹಾಕುವ ಒಂದು ಫಿಲ್ಟರ್ ಬರೆಯಿರಿ.

ಪರೀಕ್ಷೆ ಮಾಡುವಾಗ ಮೋಸ ಹೋಗಬೇಡಿ. ಲಾಗಿನ್ ಆಗದೆ ಬಾಕಿ ಪುಟ ಕೇಳಿದರೆ ಸರ್ವರ್ ಕೊಡುವುದು ‘ಎಲ್ಲ ಸರಿ’ ಎಂಬ 200, ಏಕೆಂದರೆ ಅದು ಲಾಗಿನ್ ಪುಟವನ್ನು ಫಾರ್ವರ್ಡ್ ಮಾಡಿದೆ. ಸಂಖ್ಯೆ ನೋಡಿ ಬೀಗ ಬಿದ್ದಿಲ್ಲ ಎಂದು ನಾನು ಹೆದರಿದ್ದೆ. ಒಳಗಿನ ಬರಹ ನೋಡಬೇಕು. ಇದರದ್ದೇ ಇನ್ನೊಂದು ಮುಖ ಎಜಾಕ್ಸ್‌ನಲ್ಲಿ (ಪುಟ ಬದಲಿಸದೆ ಹಿಂದಿನಿಂದ ಮಾಹಿತಿ ತರುವ ಬಗೆ) ಕಾಣಿಸಿತು. ಊಟ ಮುಗಿಸಿ ಬರುವಷ್ಟರಲ್ಲಿ ಸೆಷನ್ ಮುಗಿದಿತ್ತು. ಬೋಟಿನ ಹೆಸರು ಆರಿಸುವ ಪಟ್ಟಿಯಲ್ಲಿ ಹೆಸರುಗಳ ಬದಲು ಲಾಗಿನ್ ಪುಟದ ಎಚ್‌ಟಿಎಂಎಲ್ ಸುರಿದಿತ್ತು. ಈಗ ಜೇಸನ್ ರೂಪದ ಮಾಹಿತಿಯೇ ಬಂದಿದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಪುಟವನ್ನೇ ರಿಲೋಡ್ ಮಾಡಿಸುತ್ತೇನೆ.

403 ಬಂದರೆ ಪಾಸ್‌ವರ್ಡ್ ಮೇಲೆ ಸಂಶಯ ಬೇಡ. ಪಾಸ್‌ವರ್ಡ್ ತಪ್ಪಾದರೆ ಬರುವುದು ನಿಮ್ಮ ಎರರ್ ಪುಟ. 403 ಎಂದರೆ ವ್ಯಕ್ತಿ ಸರಿ, ಪಾತ್ರ ಸರಿಯಿಲ್ಲ. ನಾನು ಡೇಟಾಬೇಸಿನಲ್ಲಿ ಧಣಿಯ ಇಂಗ್ಲಿಷ್ ಮೊದಲಕ್ಷರ ದೊಡ್ಡದು ಬರೆದಿದ್ದೆ, ವೆಬ್.ಎಕ್ಸ್‌ಎಂಎಲ್‌ನಲ್ಲಿ ಸಣ್ಣದು. ಮಾವನಿಗೆ ಅವರದ್ದೇ ಬಾಕಿ ಪುಸ್ತಕ ತೆರೆಯಲಿಲ್ಲ.

ಆಗಸ್ಟ್ 1ಕ್ಕೆ ಬೋಟುಗಳು ತಯಾರಾದವು. ಐಸಿಗೆ ಸಾಲು ನಿಂತಿತ್ತು. ಎರಡು ತಿಂಗಳ ಬಿಡುವಿನಲ್ಲಿ ರೈಟ್ರಿಗೆ ಪಾಸ್‌ವರ್ಡ್ ಮರೆತುಹೋಗಿತ್ತು. ಐದು ಸಲ ತಪ್ಪು ಒತ್ತಿದರು, ಹೊರಗೆ ಬಿದ್ದರು. ಬೀಗದ ಹೊತ್ತಿನಲ್ಲೂ ತಪ್ಪು ಒತ್ತುತ್ತಲೇ ಇದ್ದರೆ 300 ಸೆಕೆಂಡು ಮತ್ತೆ ಮೊದಲಿನಿಂದ ಶುರು. ಅವರು ಒತ್ತುತ್ತಲೇ ಇದ್ದರು. ನಾನು ಫೋನಿನಲ್ಲಿ “ಕೀಬೋರ್ಡ್ ಮುಟ್ಟಬೇಡಿ” ಎಂದು ಹೇಳಿ ಹೇಳಿ ಸೋತೆ. ಕೊನೆಗೆ ಹಿಂದಿನಿಂದ ಮಾವನ ಸ್ವರ ಕೇಳಿತು: “ರೈಟ್ರೇ, ಒಂದು ಚಾ ಕುಡಿದು ಬನ್ನಿ. ಅಷ್ಟರವರೆಗೆ ನಾನು ಚೀಟಿಯಲ್ಲಿ ಬರೀತೇನೆ.”