ನಮ್ಮದಲ್ಲದ ವಿಷಯದ ಸಂಶೋಧನಾ ಲೇಖನ ಓದುವುದು ಹೇಗೆ?

ನಾನು ದಾವಣಗೆರೆಯಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಓದಿದ್ದು ಬಿ.ಕಾಂ. ಆದರೂ ಕೆಲವು ವರ್ಷಗಳಿಂದ ವಾರಕ್ಕೊಂದು ಸಂಶೋಧನಾ ಲೇಖನ ಓದುವ ಚಟ ಹತ್ತಿದೆ. ಒಂದು ವಾರ ಹುಳು, ಇನ್ನೊಂದು ವಾರ ಶಿಲ್ಪ, ಮತ್ತೊಂದು ವಾರ ಹಳೇ ಕಾಲದ ಕಳ್ಳರು. ಅದೆಲ್ಲ ನಿಮಗೆ ಅರ್ಥ ಆಗುತ್ತಾ ಅಂತ ಕೇಳುವವರು ಇದ್ದಾರೆ. ಪೂರ್ತಿ ಆಗಲ್ಲ, ಆಗಬೇಕಾಗಿಯೂ ಇಲ್ಲ. ಇವರು ಏನನ್ನು ನೋಡಿದರು, ಏನನ್ನು ಎಣಿಸಿದರು, ಎಲ್ಲಿಂದ ತಂದರು, ಅಷ್ಟು ಹಿಡಿದುಕೊಂಡರೆ ಸಾಕು. ಅದನ್ನು ಹಿಡಿಯುವುದು ಹೇಗೆ ಅಂತ ನನಗೆ ತಿಳಿದಷ್ಟು ಬರೆಯುತ್ತಿದ್ದೇನೆ.

ಶುರುವಾಗಿದ್ದು ಮೆಕ್ಕೆಜೋಳದಿಂದ. 2018ರ ಮುಂಗಾರಿನಲ್ಲಿ ರೈತರು ಒಬ್ಬರ ಹಿಂದೆ ಒಬ್ಬರು ತೂತು ಬಿದ್ದ ಗರಿ ಹಿಡಿದುಕೊಂಡು ಅಂಗಡಿಗೆ ಬರುತ್ತಿದ್ದರು. ಸುಳಿ ಬಿಡಿಸಿ ನೋಡಿದರೆ ಮರದ ಹೊಟ್ಟಿನಂಥ ಹಿಕ್ಕೆ. "ಏನ್ ಅಣ್ಣ ಇದು, ಎಣ್ಣೆ ಹೊಡೆದ್ರೂ ಸಾಯ್ತಿಲ್ಲ" ಅನ್ನುತ್ತಿದ್ದರು. ನಾವೂ ಕಾಂಡ ಕೊರೆಯುವ ಹುಳು ಅಂದುಕೊಂಡು ಅದಕ್ಕೆ ಕೊಡುವುದನ್ನೇ ಕೊಟ್ಟೆವು. ಆಮೇಲೆ ಗೊತ್ತಾಯಿತು, ಅದು ಅಮೆರಿಕ ಖಂಡದ ಫಾಲ್ ಸೈನಿಕ ಹುಳು, ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ಅದೇ ವರ್ಷ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಆ ಲೇಖನವನ್ನು ಹುಡುಕಿ ತೆಗೆದು ಮೊದಲ ಸಾಲಿನಿಂದ ಓದಲು ಕೂತೆ. ಎರಡನೇ ಪುಟಕ್ಕೇ ನಿದ್ದೆ. ಮಾರನೇ ದಿನ ಸುಮ್ನೆ ಚಿತ್ರಗಳನ್ನು ಮಾತ್ರ ನೋಡಿದೆ. ಹುಳುವಿನ ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರ, ಬಾಲದ ಹತ್ತಿರ ಎಂಟನೇ ಉಂಗುರದ ಮೇಲೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಅವತ್ತು ಸಂಜೆ ಒಬ್ಬರು ಕವರಿನಲ್ಲಿ ಹುಳು ತಂದರು. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿದರೆ ವೈ ಇದೆ, ನಾಲ್ಕು ಚುಕ್ಕೆಯೂ ಇದೆ!

ಹಾಗಾಗಿ ಮೊದಲನೇ ಮಾತು: ಲೇಖನವನ್ನು ಮೇಲಿನಿಂದ ಕೆಳಗೆ ಓದಬೇಡಿ. ಸಾರಾಂಶ ಓದಿ, ಆಮೇಲೆ ನೇರ ಚಿತ್ರ ಮತ್ತು ಕೋಷ್ಟಕಗಳಿಗೆ ಹೋಗಿ. ಆಮೇಲೆ ಅವರು ಕೆಲಸ ಮಾಡಿದ ರೀತಿ ಹೇಳುವ ಭಾಗ. ಪೀಠಿಕೆ ಕೊನೆಗಿರಲಿ, ಅದರಲ್ಲಿ ಜಾಸ್ತಿ ಇರುವುದು ಹಿಂದೆ ಯಾರ‍್ಯಾರು ಏನು ಹೇಳಿದರು ಅನ್ನುವುದೇ.

ಹುಡುಕುವುದೇ ಒಂದು ಕೆಲಸ. ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ದುಡ್ಡು ಕೇಳಿದರೆ ಅಲ್ಲೇ ಕೆಳಗೆ ಬೇರೆ ಆವೃತ್ತಿಗಳು ಅಂತ ಇರುತ್ತದೆ, ಒತ್ತಿ ನೋಡಿ, ಎಷ್ಟೋ ಸಲ ಪುಕ್ಕಟೆ ಪಿಡಿಎಫ್ ಸಿಗುತ್ತದೆ. ಇಲ್ಲದಿದ್ದರೆ ಬರೆದವರಿಗೇ ಎರಡು ಸಾಲು ಇಮೇಲ್ ಹಾಕಿ. ನಾನು ಸಂಕೋಚಪಟ್ಟುಕೊಂಡೇ ಹಾಕಿದ್ದೆ, ಮೂರನೇ ದಿನಕ್ಕೆ ಲೇಖನ ಬಂತು. ಪಿಎಚ್‌ಡಿ ಪ್ರಬಂಧಗಳು ಬೇಕಿದ್ದರೆ ಶೋಧಗಂಗಾ ಇದೆ, ಕನ್ನಡದಲ್ಲೇ ಬರೆದವೂ ಅಲ್ಲಿ ಸಿಗುತ್ತವೆ. ಹುಳ, ಗಿಡ ಹುಡುಕುವಾಗ ಊರ ಹೆಸರು ನಡೆಯಲ್ಲ, ಒಂದೊಂದು ಹಳ್ಳಿಗೆ ಒಂದೊಂದು ಹೆಸರು. ವೈಜ್ಞಾನಿಕ ಹೆಸರೇ ಹಾಕಿ. ಈ ಹುಳುವಿಗೆ ಸ್ಪೊಡಾಪ್ಟೆರಾ ಫ್ರುಜಿಪರ್ಡಾ.

ನಮ್ಮ ಊರಿನವರಿಗೆ ಇನ್ನೊಂದು ತೊಡಕಿದೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಲೇಖನದಲ್ಲಿ ದಾವಣಗೆರೆ ಜಿಲ್ಲೆ ಅಂತ ಹುಡುಕಿದರೆ ಏನು ಸಿಗುತ್ತದೆ, ಮಣ್ಣು! ಚಿತ್ರದುರ್ಗ ಅಂತ ಹುಡುಕಿ. ಬ್ರಿಟಿಷರ ಕಾಲದ್ದಾದರೆ ಚಿತಲ್‌ಡ್ರೂಗ್ ಅನ್ನುವ ಅವರ ಸ್ಪೆಲ್ಲಿಂಗಿನಲ್ಲಿ ಹುಡುಕಿ. ಚನ್ನಗಿರಿ, ಹೊನ್ನಾಳಿ ಕಡೆಯದ್ದಾದರೆ ಶಿವಮೊಗ್ಗದಲ್ಲಿ. ಸಂತೆಬೆನ್ನೂರಿನ ಪುಷ್ಕರಣಿ ಬಗ್ಗೆ ನಾನು ಎರಡು ತಿಂಗಳು ತಪ್ಪು ಜಿಲ್ಲೆಯಲ್ಲಿ ಹುಡುಕಿದ್ದೆ.

ಕಲೆಯ ಲೇಖನಕ್ಕೆ ಒಂದೇ ಉಪಾಯ, ಓದುವ ಮೊದಲು ವಸ್ತುವನ್ನು ನೋಡಿ. ಹರಿಹರೇಶ್ವರ ದೇವಸ್ಥಾನ ನಮಗೆ ಬಸ್ಸಿನಲ್ಲಿ ಅರ್ಧ ಗಂಟೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ್ದು. ಒಳಗಿನ ಕಂಬಗಳನ್ನು ಬುಗುರಿಯ ಹಾಗೆ ತಿರುಗಿಸಿ ಕಡೆದಿದ್ದಾರೆ. ಕಂಬದ ಸುತ್ತ ಇರುವ ಗೆರೆಗಳನ್ನು ಹತ್ತಿರದಿಂದ ನೋಡಿ ಬಂದು ಓದಿದರೆ ಲೇಖನದ ಅರ್ಧ ಆಗಲೇ ಗೊತ್ತಿರುತ್ತದೆ. ಮತ್ತೆ, ಕಾಲ ಹೇಳಿದ ಕಡೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಶಾಸನ ನೋಡಿ ಹೇಳಿದ್ದಾ, ಶೈಲಿ ನೋಡಿ ಹೇಳಿದ್ದಾ? ಶೈಲಿ ನೋಡಿ ಹೇಳಿದ್ದಾದರೆ ನಾಲ್ಕೈದು ದಶಕ ಆಚೀಚೆ ಆಗಬಹುದು.

ಗಣಿತಕ್ಕೆ ಹೆದರುವವರೇ ಜಾಸ್ತಿ. ನಾನೂ ಹೆದರುತ್ತಿದ್ದೆ. ನಮ್ಮ ಬೀದಿಯ ನಿವೃತ್ತ ಗಣಿತದ ಮೇಷ್ಟ್ರು ಒಂದು ದಿನ ಬೆಣ್ಣೆ ದೋಸೆ ಹೋಟೆಲಿನಲ್ಲಿ ಬಿಲ್ಲಿನ ಹಿಂದೆ ಬರೆದು ತೋರಿಸಿದರು. ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತಗೊಳ್ಳಿ, ನಾಲ್ಕೂ ಒಂದೇ ಅಂಕಿ ಆಗಿರಬಾರದು ಅಷ್ಟೇ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಅದರಲ್ಲಿ ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ. ನಾನು ಹುಳು ಬಂದ ವರ್ಷ ಕೊಟ್ಟೆ, 2018. 8210ರಲ್ಲಿ 0128 ಕಳೆದರೆ 8082. 8820ರಲ್ಲಿ 0288 ಕಳೆದರೆ 8532. 8532ರಲ್ಲಿ 2358 ಕಳೆದರೆ 6174. ಇನ್ನು ಮುಂದೆ ಎಷ್ಟು ಸಲ ಮಾಡಿದರೂ 6174ರಲ್ಲೇ ನಿಲ್ಲುತ್ತದೆ. ಯಾವ ಸಂಖ್ಯೆ ಕೊಟ್ಟರೂ ಜಾಸ್ತಿ ಅಂದರೆ ಏಳು ಸಲಕ್ಕೆ ಅಲ್ಲಿಗೇ ಬರುತ್ತದೆ. ಇದನ್ನು 1949ರಲ್ಲಿ ಕಂಡವರು ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್.

ಎಲ್ಲ ಸಂಖ್ಯೆಗೂ ಹೀಗೇ ಅಂತ ಹೇಗೆ ನಂಬುವುದು? 0001ರಿಂದ ಹಿಡಿದು 9990 ಸಂಖ್ಯೆ ಇವೆ, ಕಂಪ್ಯೂಟರಿಗೆ ಹಾಕಬಹುದು. ಮೇಷ್ಟ್ರು ಬೇರೆ ದಾರಿ ತೋರಿಸಿದರು. ಕಳೆದಾಗ ಬರುವ ಉತ್ತರಕ್ಕೆ ಎರಡೇ ವಿಷಯ ಬೇಕು: ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕ ಅಂಕಿಗೂ ಇರುವ ಅಂತರ, ನಡುವಿನ ಎರಡು ಅಂಕಿಗಳ ಅಂತರ. ಮೊದಲನೆಯದನ್ನು 999ರಿಂದ, ಎರಡನೆಯದನ್ನು 90ರಿಂದ ಗುಣಿಸಿ ಕೂಡಿ. 2018ಕ್ಕೆ 8 ಮತ್ತು 1, ಅಂದರೆ 7992 ಮತ್ತು 90, ಕೂಡಿದರೆ 8082. ಇಂಥ ಅಂತರದ ಜೋಡಿಗಳು ಇರುವುದೇ 54. ಅವಿಷ್ಟನ್ನು ಕೈಯಲ್ಲೇ ಮಾಡಿ ನೋಡಿದರೆ ಮುಗೀತು! ಗಣಿತದ ಲೇಖನ ಸಿಕ್ಕಾಗ ನಾನು ಈಗ ಮಾಡುವುದು ಇಷ್ಟೇ, ಪೆನ್ನು ಹಿಡಿದು ಮೊದಲ ವಾಕ್ಯಕ್ಕೆ ಒಂದು ಚಿಕ್ಕ ಉದಾಹರಣೆ ಹಾಕಿ ನೋಡುತ್ತೇನೆ. ಅದು ನಡೆದರೆ ಮುಂದೆ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ ಮೇಷ್ಟ್ರ ಮನೆಗೆ.

ಈ ಅಭ್ಯಾಸ ಅಪರಾಧದ ಇತಿಹಾಸ ಓದುವಾಗ ಉಪಯೋಗಕ್ಕೆ ಬಂತು. ನಮ್ಮಜ್ಜಿ ನಮ್ಮ ಬೆರಳು ಹಿಡಿದು ಎಷ್ಟು ಚಕ್ರ, ಎಷ್ಟು ಶಂಖ ಅಂತ ಎಣಿಸುತ್ತಿದ್ದಳು, ನೆನಪಿದೆಯಲ್ವಾ ನಿಮ್ಮನೆಯಲ್ಲೂ? 1897ರಲ್ಲಿ ಕಲ್ಕತ್ತಾದಲ್ಲಿ ಶುರುವಾದ ಬೆರಳಚ್ಚು ಕಚೇರಿಯೂ ಹೆಚ್ಚುಕಡಿಮೆ ಅದನ್ನೇ ಮಾಡಿತು. ಹತ್ತು ಬೆರಳು, ಒಂದೊಂದರಲ್ಲಿ ಚಕ್ರ ಇದೆಯೋ ಇಲ್ಲವೋ. ಎರಡನ್ನು ಹತ್ತು ಸಲ ಗುಣಿಸಿದರೆ 1024 ಗೂಡು. ಸಾವಿರಾರು ಕಾಗದಗಳ ರಾಶಿಯಲ್ಲಿ ಹುಡುಕುವ ಬದಲು ಒಂದೇ ಗೂಡು ನೋಡಿದರೆ ಆಯಿತು. ಇದರ ಲೆಕ್ಕ ಕೂರಿಸಿದ್ದರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅನ್ನುವ ಇಬ್ಬರು ಸಬ್‌ಇನ್‌ಸ್ಪೆಕ್ಟರುಗಳ ಕೈ ದೊಡ್ಡದು. ಹೆಸರು ಉಳಿದಿದ್ದು ಮಾತ್ರ ಅವರ ಸಾಹೇಬ ಎಡ್ವರ್ಡ್ ಹೆನ್ರಿಯದು.

ಅದಕ್ಕೇ ಹಳೇ ಪೊಲೀಸ್ ದಾಖಲೆ ಇಟ್ಟುಕೊಂಡು ಬರೆದ ಲೇಖನ ಓದುವಾಗ, ಈ ಕಾಗದ ಬರೆದವನು ಯಾರು ಅಂತ ಮೊದಲು ಕೇಳಿ. 1871ರ ಕಾನೂನು ಇಡೀ ಸಮುದಾಯಗಳನ್ನೇ ಹುಟ್ಟಾ ಅಪರಾಧಿಗಳು ಅಂತ ಪಟ್ಟಿ ಮಾಡಲು ದಾರಿ ಮಾಡಿತು. ಅದು ರದ್ದಾಗಿದ್ದು 1952ರಲ್ಲಿ. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದವರ ಕಸುಬನ್ನು ರೈಲು ಕಿತ್ತುಕೊಂಡಿತು, ಆಮೇಲೆ ಸರ್ಕಾರವೇ ಅವರ ತಿರುಗಾಟವನ್ನು ಅನುಮಾನದಿಂದ ನೋಡಿತು. ಅಂಥ ಕಾಲದ ಕೋಷ್ಟಕದಲ್ಲಿ ಬಂಧನ ಜಾಸ್ತಿ ಆಗಿದ್ದರೆ ಕಳ್ಳತನ ಜಾಸ್ತಿ ಆಗಿರಬಹುದು, ಪೊಲೀಸ್ ಠಾಣೆ ಜಾಸ್ತಿ ಆಗಿರಬಹುದು. ಅಂಕಿ ತಾನೇ ಬಾಯಿ ಬಿಟ್ಟು ಹೇಳಲ್ಲ.

ಆರೋಗ್ಯದ ಲೇಖನಗಳಲ್ಲಿ ಮೋಸ ಹೋಗುವುದು ಸುಲಭ, ಯಾಕೆಂದರೆ ಅದು ನಮ್ಮ ಮೈಯ ವಿಷಯ. ಚಿತ್ರದುರ್ಗ, ದಾವಣಗೆರೆ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ತಗೊಳ್ಳಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನುವುದು ಭಾರತದ ಮಾನಕ. ಹತ್ತು ಬೋರ್ ಪರೀಕ್ಷೆ ಮಾಡಿದರು ಅಂತ ಇಟ್ಟುಕೊಳ್ಳಿ. ಒಂಬತ್ತರಲ್ಲಿ 0.5, ಒಂದರಲ್ಲಿ 5.5. ಸರಾಸರಿ ಸರಿಯಾಗಿ 1! ಲೇಖನದ ಸಾರಾಂಶದಲ್ಲಿ ಎಲ್ಲ ಚೆನ್ನಾಗಿದೆ, ಆ ಒಂದು ಬೋರಿನ ನೀರು ಕುಡಿಯುವ ಹಟ್ಟಿಯ ಮಕ್ಕಳ ಹಲ್ಲು ಮಾತ್ರ ಕಂದು. ಸರಾಸರಿ ಕಂಡರೆ ಪಕ್ಕದಲ್ಲಿ ಅತಿ ಕಡಿಮೆ, ಅತಿ ಹೆಚ್ಚು ಎಷ್ಟು ಅಂತ ಹುಡುಕಿ. ಇನ್ನೊಂದು, ಹಲ್ಲಿಗೆ ಕಲೆ ಬೀಳುವುದು ಅದು ಒಸಡಿನೊಳಗೆ ಬೆಳೆಯುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ. ಹಾಗಾಗಿ ದೊಡ್ಡವರ ಹಲ್ಲು ನೋಡಿದ ಲೇಖನದಲ್ಲಿ ಅವರು ಈಗ ಎಲ್ಲಿದ್ದಾರೆ ಅಂತಷ್ಟೇ ಬರೆದಿದ್ದು, ಎಲ್ಲಿ ಬೆಳೆದರು ಅಂತ ಕೇಳಿಲ್ಲದಿದ್ದರೆ ಲೆಕ್ಕ ತಪ್ಪಿತು ಅಂತಲೇ. (ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ.)

"ಅಪಾಯ ಎರಡು ಪಟ್ಟು" ಅಂತ ಕಂಡರೆ ಎಷ್ಟರ ಎರಡು ಪಟ್ಟು ಅಂತ ನೋಡಿ. ಹತ್ತು ಸಾವಿರದಲ್ಲಿ ಒಬ್ಬರಿಗೆ ಬರುತ್ತಿದ್ದದ್ದು ಇಬ್ಬರಿಗೆ ಬಂದರೂ ಎರಡು ಪಟ್ಟೇ.

ದುಡ್ಡು ಕೊಟ್ಟರೆ ಏನನ್ನು ಬೇಕಾದರೂ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ವಾರದಲ್ಲಿ ಪ್ರಕಟಿಸುತ್ತೇವೆ ಅನ್ನುತ್ತಿದ್ದರೆ, ಒಂದೇ ಸಂಚಿಕೆಯಲ್ಲಿ ಹೃದಯ, ಸಿಮೆಂಟು, ಸಾಹಿತ್ಯ ಎಲ್ಲ ಇದ್ದರೆ ದೂರ ಇರಿ. ಒಳ್ಳೆ ಪತ್ರಿಕೆಯಲ್ಲೂ ಲೇಖನವನ್ನು ಆಮೇಲೆ ವಾಪಸ್ ತಗೊಂಡಿರಬಹುದು, ಹೆಸರಿನ ಜೊತೆ ರಿಟ್ರ್ಯಾಕ್ಟೆಡ್ ಅನ್ನುವ ಪದ ಸೇರಿಸಿ ಒಮ್ಮೆ ಹುಡುಕಿ.

ಕೊನೆಗೆ ಒಂದು ನೂರು ಪುಟದ ನೋಟ್ ಪುಸ್ತಕ ಇಟ್ಟುಕೊಳ್ಳಿ. ಒಂದು ಲೇಖನಕ್ಕೆ ಒಂದು ಪುಟ, ಅದರ ಮೇಲೆ ಒಂದು ಸಾಲು: "ಇವರು ಎಣಿಸಿದ್ದು ಏನನ್ನು?" ನನ್ನ ಪುಸ್ತಕದಲ್ಲಿ ನಾಲ್ಕು ಪುಟಗಳಲ್ಲಿ ಆ ಸಾಲಿನ ಮುಂದೆ ಇನ್ನೂ ಖಾಲಿ ಇದೆ. ಎರಡೆರಡು ಸಲ ಓದಿದರೂ ಸಿಕ್ಕಿಲ್ಲ. ಆ ನಾಲ್ಕನ್ನು ಮಾತ್ರ ನಾನು ಯಾರಿಗೂ ಫಾರ್ವರ್ಡ್ ಮಾಡಿಲ್ಲ.